ಶಾಲೆಯೊಳಗೆ ಆರೋಗ್ಯವನ್ನು ತಂದ ಮಾರ್ಗರೆಟ್ ಮ್ಯಾಕ್‌ಮಿಲನ್

ಸುವರ್ಣ ಮಹೋತ್ಸವ ಸಂಚಿಕೆಗೆ ಒಬ್ಬ ಮಹನೀಯರ ಜೀವನ ಚಿತ್ರಣ ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿದರು. ನಮ್ಮ ನಾಡಿನ ಮಹನೀಯರ ಬಗ್ಗೆ ಬರೆಯಲು ನನಗಿಂತ ಚೆನ್ನಾಗಿ ಬಲ್ಲವರು ಈ ಸಂಚಿಕೆಯಲ್ಲಿ ಇದ್ದಾರೆ. ಆದ್ದರಿಂದ ನಾನು ದೂರದ ಒಬ್ಬ ಹೆಣ್ಣುಮಗಳನ್ನು ಆರಿಸಿಕೊಂಡಿದ್ದೇನೆ. ಅವರ ಹೆಸರು ಮಾರ್ಗರೆಟ್ ಮ್ಯಾಕ್‌ಮಿಲನ್. ಶಿಕ್ಷಕರ ತರಬೇತಿ ಪಡೆದವರೆಲ್ಲ ನರ್ಸರಿ ಶಾಲೆಯ ಪಾಠದಲ್ಲಿ ಈ ಹೆಸರನ್ನು ಓದಿಯೇ ಇರುತ್ತಾರೆ. ಪರೀಕ್ಷೆಗೆ ಎರಡು ಅಂಕದ ಪ್ರಶ್ನೆಯಾಗಿ ಓದಿ ಮರೆತೂ ಇರುತ್ತಾರೆ. ನಾನು ಈ ಶಾಲೆಯಲ್ಲಿ 19 ವರ್ಷ ವಿಜ್ಞಾನ ಪಾಠ ಮಾಡಿದೆ. ಆ ವರ್ಷಗಳಲ್ಲಿ ಪ್ರಾರ್ಥನೆಯ ಹೊತ್ತಿಗೆ ತಲೆ ಸುತ್ತಿ ಬಿದ್ದ ಹುಡುಗಿಯರನ್ನು, ಬೋರ್ಡು ಕಾಣದೆ ಪಕ್ಕದವನ ಪುಸ್ತಕ ನೋಡಿ ಬರೆಯುತ್ತಿದ್ದ ಹುಡುಗರನ್ನು, ತಿಂಗಳಿಗೆ ಮೂರು ನಾಲ್ಕು ದಿನ ತಪ್ಪದೆ ಗೈರುಹಾಜರಾಗುತ್ತಿದ್ದ ಹೆಣ್ಣುಮಕ್ಕಳನ್ನು ಕಂಡಾಗಲೆಲ್ಲ ಈ ಹೆಸರು ನೆನಪಿಗೆ ಬರುತ್ತಿತ್ತು. ಮಗುವಿನ ಮೈ ಯಾರ ಜವಾಬ್ದಾರಿ, ಮನೆಯದೋ ಆಸ್ಪತ್ರೆಯದೋ ಶಾಲೆಯದೋ ಎಂಬ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲೇ ತಮ್ಮ ಬದುಕನ್ನು ಕಳೆದವರು ಅವರು.

ಮಾರ್ಗರೆಟ್ ಹುಟ್ಟಿದ್ದು 1860ರ ಜುಲೈ 20ರಂದು, ಅಮೆರಿಕದ ನ್ಯೂಯಾರ್ಕ್ ಪ್ರಾಂತ್ಯದ ವೆಸ್ಟ್‌ಚೆಸ್ಟರ್‌ನಲ್ಲಿ. ತಂದೆ ತಾಯಿ ಸ್ಕಾಟ್ಲೆಂಡಿನ ಇನ್ವರ್ನೆಸ್ ಸೀಮೆಯಿಂದ ಹೊಟ್ಟೆಪಾಡಿಗಾಗಿ ಅಲ್ಲಿಗೆ ಹೋದವರು. ಅಕ್ಕ ರೇಚಲ್ ಇವರಿಗಿಂತ ಒಂದು ವರ್ಷಕ್ಕೆ ದೊಡ್ಡವರು. 1865ರಲ್ಲಿ ಆ ಮನೆಗೆ ರೋಗ ಹೊಕ್ಕಿತು. ತಂದೆ ತೀರಿಕೊಂಡರು, ಎಳೆಯ ತಂಗಿಯೂ ತೀರಿಕೊಂಡಳು. ಐದು ವರ್ಷದ ಮಾರ್ಗರೆಟ್ ಕೆಂಜ್ವರದಿಂದ ಬದುಕಿ ಉಳಿದರೂ ಕಿವಿ ಕೇಳಿಸದಂತಾಯಿತು. ಕೇಳುವ ಶಕ್ತಿ ಮರಳಿ ಬಂದದ್ದು ಹದಿನಾಲ್ಕನೆಯ ವಯಸ್ಸಿನ ಹೊತ್ತಿಗೆ. ಎಳವೆಯಲ್ಲಿ ಬಂದ ಒಂದು ಕಾಯಿಲೆ ಮಗುವಿನ ಓದಿಗೆ, ಮಾತಿಗೆ ಏನು ಮಾಡುತ್ತದೆ ಎಂಬುದನ್ನು ಅವರು ಯಾವ ಪುಸ್ತಕದಿಂದಲೂ ಕಲಿಯಬೇಕಾಗಿರಲಿಲ್ಲ.

ಗಂಡನನ್ನು ಕಳೆದುಕೊಂಡ ತಾಯಿ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಇನ್ವರ್ನೆಸ್ಸಿನ ತವರಿಗೆ ಮರಳಿದರು. ಮಕ್ಕಳು ಅಲ್ಲೇ ಓದಿದರು. 1877ರಲ್ಲಿ ತಾಯಿಯೂ ತೀರಿಕೊಂಡ ಮೇಲೆ ಅಕ್ಕ ಅಜ್ಜಿಯ ಶುಶ್ರೂಷೆಗೆ ನಿಂತರು. ತಂಗಿ ಮನೆಪಾಠ ಹೇಳುವ ಕೆಲಸಕ್ಕಾಗಿ ಜರ್ಮನಿ, ಸ್ವಿಟ್ಜರ್‌ಲೆಂಡ್‌ಗಳಲ್ಲಿ ತರಬೇತಿ ಪಡೆದರು. 1888ರ ಹೊತ್ತಿಗೆ ಅಕ್ಕತಂಗಿಯರಿಬ್ಬರೂ ಲಂಡನ್ನಿನಲ್ಲಿ ಒಟ್ಟಿಗೆ ಸೇರಿದರು. ದುಡಿಯುವ ಹುಡುಗಿಯರ ಹಾಸ್ಟೆಲ್ಲಿನಲ್ಲಿ ರೇಚಲ್‌ಗೆ ಕೆಲಸವಿತ್ತು. ಬಡವರ ಬದುಕನ್ನು ಹತ್ತಿರದಿಂದ ಕಂಡ ಇಬ್ಬರೂ ಸಮಾಜವಾದದ ಕಡೆಗೆ ಒಲಿದರು. 1889ರಲ್ಲಿ ಲಂಡನ್ನಿನ ಬಂದರು ಕಾರ್ಮಿಕರು ಮುಷ್ಕರ ಹೂಡಿದಾಗ ಅವರ ಪರವಾಗಿ ಕೆಲಸ ಮಾಡಿದರು. ನಡುವೆ ಒಬ್ಬ ಸಿರಿವಂತ ಮಹಿಳೆ ಮಾರ್ಗರೆಟ್‌ರನ್ನು ರಂಗನಟಿಯನ್ನಾಗಿ ಮಾಡಲು ಹೊರಟು ಅಭಿನಯದ ತರಬೇತಿ ಕೊಡಿಸಿದ್ದೂ ಉಂಟು. ಇವರು ಕಾರ್ಮಿಕರ ಸಭೆಗಳಲ್ಲಿ ಭಾಷಣ ಮಾಡುವುದನ್ನು ಆಕೆ ಸಹಿಸಲಿಲ್ಲ. ಆ ಸಂಬಂಧ ಮುರಿಯಿತು. ಆದರೆ ಉಸಿರು ಹಿಡಿದು ಸ್ವರ ತೆಗೆಯುವ ವಿದ್ಯೆ ಇವರಲ್ಲಿ ಉಳಿಯಿತು. ಅದು ಮುಂದೆ ಮಕ್ಕಳ ಪಾಠಕ್ಕೆ ಬಂತು.

1893ರಲ್ಲಿ ಅಕ್ಕತಂಗಿಯರು ಇಂಗ್ಲೆಂಡಿನ ಉತ್ತರ ಭಾಗದ ಬ್ರಾಡ್‌ಫರ್ಡ್ ಪಟ್ಟಣಕ್ಕೆ ಬಂದರು. ಅದು ಉಣ್ಣೆ ಗಿರಣಿಗಳ ಊರು. ಗಿರಣಿಯ ಹೊಗೆ, ಒತ್ತೊತ್ತಾದ ಮನೆಗಳು, ಮನೆಮಂದಿಯೆಲ್ಲ ದುಡಿದರೂ ಸಾಲದ ಕೂಲಿ. ಅಲ್ಲಿ ಅರೆಹೊತ್ತಿನ ಮಕ್ಕಳು ಎಂಬ ಪದ್ಧತಿಯಿತ್ತು. ಅಂದರೆ ಹನ್ನೊಂದು ವರ್ಷ ತುಂಬಿದ ಮಗು ಅರ್ಧ ದಿನ ಗಿರಣಿಯಲ್ಲಿ ದುಡಿದು ಉಳಿದರ್ಧ ದಿನ ಶಾಲೆಗೆ ಬರುವುದು. ಅಂಥ ಮಗು ಮಧ್ಯಾಹ್ನದ ತರಗತಿಯಲ್ಲಿ ನಿದ್ದೆ ಹೋಗುತ್ತಿತ್ತು. ಮಾರ್ಗರೆಟ್ ಈ ಪದ್ಧತಿಯ ವಿರುದ್ಧ ಬರೆದರು, ಮಾತನಾಡಿದರು. ಕಾನೂನು ಅದನ್ನು ರದ್ದು ಮಾಡಲು ತೀರ್ಮಾನಿಸಿದ್ದು 1918ರಲ್ಲಿ. ಒಂದು ತಲೆಮಾರು ಕಾಯಬೇಕಾಯಿತು.

1894ರಲ್ಲಿ ಮಾರ್ಗರೆಟ್ ಬ್ರಾಡ್‌ಫರ್ಡಿನ ಶಾಲಾ ಮಂಡಳಿಗೆ ಚುನಾಯಿತರಾದರು. ಇಂದಿನ ನಮ್ಮ ಶಾಲಾಭಿವೃದ್ಧಿ ಸಮಿತಿಗಿಂತ ದೊಡ್ಡ ಅಧಿಕಾರ ಅದಕ್ಕಿತ್ತು. ಊರಿನ ಸಾರ್ವಜನಿಕ ಪ್ರಾಥಮಿಕ ಶಾಲೆಗಳನ್ನು ನಡೆಸುವ ಮಂಡಳಿ ಅದು. ಹೆಂಗಸರಿಗೆ ಪಾರ್ಲಿಮೆಂಟಿಗೆ ಮತ ಹಾಕುವ ಹಕ್ಕೇ ಇಲ್ಲದಿದ್ದ ಕಾಲದಲ್ಲಿ ಈ ಮಂಡಳಿಗೆ ಅವರು ಆರಿಸಿ ಬರಬಹುದಾಗಿತ್ತು. ಸದಸ್ಯೆಯಾದ ಮಾರ್ಗರೆಟ್ ಕಚೇರಿಯಲ್ಲಿ ಕೂರದೆ ತರಗತಿಗಳಿಗೆ ಹೋದರು. ಚಳಿಗಾಲ ಮುಗಿಯುವವರೆಗೆ ಬಿಚ್ಚದಂತೆ ಬಟ್ಟೆಯನ್ನು ಮೈಮೇಲೆಯೇ ಹೊಲಿದುಬಿಟ್ಟಿದ್ದ ಮಕ್ಕಳು ಅಲ್ಲಿದ್ದರು. ತಲೆ ತುಂಬ ಹೇನು, ಮೈಮೇಲೆ ಕಜ್ಜಿ, ಸೋರುವ ಕಿವಿ, ಹುಳುಕು ಹಲ್ಲು. ಬಾಯಿ ತೆರೆದೇ ಉಸಿರಾಡುವ ಮಕ್ಕಳು ಬಹಳ. ಮೂಗಿನ ಹಿಂದೆ ಅಡಿನಾಯ್ಡ್ ಎಂಬ ಗ್ರಂಥಿ ಊದಿಕೊಂಡು ಉಸಿರಿನ ದಾರಿ ಕಟ್ಟಿದರೆ ಹಾಗಾಗುತ್ತದೆ. ಅಂಥ ಮಗುವಿಗೆ ಕಿವಿ ಮಂದವಾಗುತ್ತದೆ, ನಿದ್ದೆ ಸರಿಯಾಗುವುದಿಲ್ಲ, ನೋಡಿದವರಿಗೆ ಪೆದ್ದನಂತೆ ಕಾಣುತ್ತದೆ. ಶಿಕ್ಷಕರು ಅವನನ್ನು ದಡ್ಡರ ಸಾಲಿಗೆ ಸೇರಿಸುತ್ತಾರೆ. ದಡ್ಡ ಎಂಬ ಹಣೆಪಟ್ಟಿಯ ಹಿಂದೆ ಎಷ್ಟೋ ಸಲ ಒಂದು ಕಾಯಿಲೆ ಇರುತ್ತದೆ ಎಂಬುದನ್ನು ಮಾರ್ಗರೆಟ್ ಅಲ್ಲಿ ಕಂಡುಕೊಂಡರು.

ಅವರ ಅದೃಷ್ಟಕ್ಕೆ ಆ ಮಂಡಳಿಯ ವೈದ್ಯಾಧಿಕಾರಿಯಾಗಿ ಡಾ. ಜೇಮ್ಸ್ ಕೆರ್ ಇದ್ದರು. ಇಬ್ಬರೂ ಸೇರಿ ಕೆಲಸ ಮಾಡಿದರು. 1897ರಲ್ಲಿ ವ್ಯಾಪಿಂಗ್ ರೋಡ್ ಶಾಲೆಯಲ್ಲಿ ಮಕ್ಕಳಿಗೆ ಸ್ನಾನದ ವ್ಯವಸ್ಥೆಯೂ ಈಜುಕೊಳವೂ ಆಯಿತು. ಬ್ರಿಟನ್ನಿನ ಶಾಲೆಯೊಂದರಲ್ಲಿ ಅಂಥದ್ದು ಅದೇ ಮೊದಲು. 1899ರಲ್ಲಿ ಕೆರ್ ಅವರ ಜೊತೆಗೂಡಿ ಪ್ರಾಥಮಿಕ ಶಾಲಾ ಮಕ್ಕಳ ವೈದ್ಯಕೀಯ ತಪಾಸಣೆ ನಡೆಸಿದರು. ಆ ದೇಶದಲ್ಲಿ ನಡೆದ ಇಂಥ ಮೊಟ್ಟಮೊದಲ ತಪಾಸಣೆಗಳಲ್ಲಿ ಅದೂ ಒಂದು. ಶಾಲೆಯ ಗಾಳಿ ಬೆಳಕು, ಕಿಟಕಿ, ಬೆಂಚು, ಮಗುವಿನ ಕಣ್ಣು ಕಿವಿ ಎಲ್ಲವೂ ಶಿಕ್ಷಣದ ವಿಷಯಗಳೇ ಎಂದು ಅವರು ವಾದಿಸಿದರು.

ವಿರೋಧ ಬರದೆ ಇರಲಿಲ್ಲ. ಮಕ್ಕಳಿಗೆ ಸ್ನಾನ ಮಾಡಿಸುವುದು ತಾಯಿಯ ಕೆಲಸ, ತೆರಿಗೆದಾರರ ಹಣದಲ್ಲಿ ಊಟ ಹಾಕಿದರೆ ತಂದೆ ತಾಯಿ ಸೋಮಾರಿಗಳಾಗುತ್ತಾರೆ ಎಂದು ಪಟ್ಟಣದ ದೊಡ್ಡವರು ಹೇಳುತ್ತಿದ್ದರು. ಕೆಲವು ಶಿಕ್ಷಕರಿಗೂ ಇದು ತಮ್ಮ ಕೆಲಸವಲ್ಲ ಎನಿಸಿತ್ತು. ನಮ್ಮಲ್ಲಿ ಬಿಸಿಯೂಟ ಬಂದಾಗಲೂ ಇವೇ ಮಾತುಗಳನ್ನು ಕೇಳಿದ್ದೇವಲ್ಲವೇ? ಮಾರ್ಗರೆಟ್ ಅವರ ಉತ್ತರ ಸರಳವಾಗಿತ್ತು. ಹಸಿದ ಮಗುವಿಗೆ, ನೋವಿರುವ ಮಗುವಿಗೆ ಪಾಠ ಹೇಳಲು ಸರ್ಕಾರ ಹಣ ಖರ್ಚು ಮಾಡುತ್ತಿದೆ. ಆ ಪಾಠ ಮಗುವಿನೊಳಗೆ ಇಳಿಯುತ್ತಿಲ್ಲ. ಹಾಗಿದ್ದ ಮೇಲೆ ನಿಜವಾಗಿ ಪೋಲಾಗುತ್ತಿರುವ ಹಣ ಯಾವುದು ಎಂದು ಅವರು ಲೆಕ್ಕ ಕೇಳಿದರು.

ಆರೋಗ್ಯವನ್ನು ಅವರು ಪಾಠದೊಳಗೆ ಹೇಗೆ ಸೇರಿಸಿದರು ಎಂಬುದು ಶಿಕ್ಷಕರಾದ ನಮಗೆ ಮುಖ್ಯ. ಆರೋಗ್ಯವೆಂದರೆ ವಾರಕ್ಕೊಂದು ಪಿರಿಯಡ್ಡಿನಲ್ಲಿ ನೋಟ್ಸ್ ಬರೆಸುವ ವಿಷಯ ಎಂದು ಅವರು ತಿಳಿಯಲಿಲ್ಲ. ಗಟ್ಟಿಯಾಗಿ ಓದಿಸುವ ಪಾಠವನ್ನೇ ಅವರು ಉಸಿರಾಟದ ಪಾಠವನ್ನಾಗಿ ಮಾಡಿದರು. ಬೆನ್ನು ನೆಟ್ಟಗೆ ಮಾಡಿ, ಮೂಗಿನಿಂದ ಉಸಿರೆಳೆದು, ಪದವನ್ನು ಪೂರ್ತಿ ಬಿಡಿಸಿ ಹೇಳುವುದನ್ನು ಮಗುವಿಗೆ ಕಲಿಸಬೇಕು. ಹಾಗೆ ಹೇಳಲಾಗದ ಮಗು ಯಾವುದೆಂದು ಓದುವ ಹೊತ್ತಿನಲ್ಲೇ ಶಿಕ್ಷಕಿಗೆ ಗೊತ್ತಾಗುತ್ತದೆ, ಆ ಮಗುವನ್ನು ವೈದ್ಯರ ಬಳಿಗೆ ಕಳುಹಿಸಬೇಕು. ಭಾಷಾ ಪಾಠವೂ ನಡೆಯಿತು, ತಪಾಸಣೆಯೂ ಆಯಿತು. ಚಿತ್ರ ಬಿಡಿಸುವಾಗ ಸಣ್ಣ ಮಕ್ಕಳಿಗೆ ಸಣ್ಣ ಗೆರೆ ಎಳೆಸಬಾರದು, ತೋಳು ಪೂರ್ತಿ ಆಡುವಂತೆ ದೊಡ್ಡದಾಗಿ ಬರೆಸಬೇಕು ಎಂದೂ ಅವರು ಹೇಳುತ್ತಿದ್ದರು. ಬೆರಳಿಗಿಂತ ಮೊದಲು ತೋಳು ಬೆಳೆಯಬೇಕೆಂಬುದು ಅವರ ತಿಳಿವಳಿಕೆ.

1902ರ ಶಿಕ್ಷಣ ಕಾಯ್ದೆ ಇಂಥ ಶಾಲಾ ಮಂಡಳಿಗಳನ್ನೇ ರದ್ದು ಮಾಡಿತು. ಅಧಿಕಾರ ಪುರಸಭೆಗಳ ಕೈಗೆ ಹೋಯಿತು. ಅಲ್ಲಿಗೆ ಹೆಂಗಸರು ಆಗ ಚುನಾವಣೆಗೆ ನಿಲ್ಲುವಂತಿರಲಿಲ್ಲ. ಎಂಟು ವರ್ಷ ಕಟ್ಟಿದ ಕೆಲಸ ಒಂದು ಕಾಯ್ದೆಯಿಂದ ಕೈಬಿಟ್ಟಿತು. ಮಾರ್ಗರೆಟ್ ಬ್ರಾಡ್‌ಫರ್ಡ್ ಬಿಟ್ಟು ಅಕ್ಕನ ಬಳಿಗೆ ಹೋದರು. ರೇಚಲ್ ಆ ವೇಳೆಗೆ ನೈರ್ಮಲ್ಯ ಪರಿವೀಕ್ಷಕಿಯಾಗಿ ತರಬೇತಿ ಪಡೆದು, ಕೆಂಟ್ ಜಿಲ್ಲೆಯ ಊರೂರು ತಿರುಗಿ ಆರೋಗ್ಯದ ಪಾಠ ಹೇಳುವ ಸಂಚಾರಿ ಶಿಕ್ಷಕಿಯಾಗಿದ್ದರು. ತಂಗಿಗೆ ಮಾತು ಚೆನ್ನಾಗಿ ಬರುತ್ತಿತ್ತು, ಅಕ್ಕನಿಗೆ ಲೆಕ್ಕ, ಅಡುಗೆ, ಚರಂಡಿ, ಕಿಟಕಿಗಳ ವಿಚಾರ ಗೊತ್ತಿತ್ತು. ಹೊರಗೆ ಹೆಸರು ಬಂದದ್ದು ತಂಗಿಗೆ. ಆದರೆ ಅಕ್ಕನಿಲ್ಲದೆ ಏನೂ ನಡೆಯುತ್ತಿರಲಿಲ್ಲ ಎಂಬುದನ್ನು ತಂಗಿಯೇ ಮುಂದೆ ಅಕ್ಕನ ಜೀವನ ಚರಿತ್ರೆ ಬರೆದು ಲೋಕಕ್ಕೆ ತಿಳಿಸಿದರು.

ಆ ಹೊತ್ತಿಗೆ ಬ್ರಿಟಿಷ್ ಸರ್ಕಾರಕ್ಕೂ ಎಚ್ಚರವಾಗಿತ್ತು. ದಕ್ಷಿಣ ಆಫ್ರಿಕದಲ್ಲಿ ನಡೆದ ಬೋಯರ್ ಯುದ್ಧಕ್ಕೆ ಸೇರಲು ಬಂದ ಯುವಕರಲ್ಲಿ ಬಹಳ ಮಂದಿ ದೇಹದಾರ್ಢ್ಯವಿಲ್ಲದೆ ತಿರಸ್ಕೃತರಾದರು. ಜನರ ದೇಹ ಯಾಕೆ ಕುಗ್ಗುತ್ತಿದೆ ಎಂದು ವಿಚಾರಿಸಿದ ಸಮಿತಿ 1904ರಲ್ಲಿ ವರದಿ ಕೊಟ್ಟಿತು. 1906ರಲ್ಲಿ ಶಾಲೆಯಲ್ಲಿ ಊಟ ಕೊಡಲು ಅವಕಾಶ ಮಾಡುವ ಕಾನೂನು ಬಂತು. ಅದಕ್ಕಾಗಿ ಪಾರ್ಲಿಮೆಂಟಿನಲ್ಲಿ ದುಡಿದವರಲ್ಲಿ ಬ್ರಾಡ್‌ಫರ್ಡಿನ ಸದಸ್ಯ, ಮಾರ್ಗರೆಟ್ ಅವರ ಹಳೆಯ ಸಂಗಾತಿ ಫ್ರೆಡ್ ಜೊವೆಟ್ ಒಬ್ಬರು.

ಕಾನೂನು ಬಂದ ಮರುವರ್ಷವೇ ಬ್ರಾಡ್‌ಫರ್ಡಿನ ಗ್ರೀನ್ ಲೇನ್ ಶಾಲೆಯಲ್ಲಿ ನಡೆದ ಒಂದು ಪರೀಕ್ಷೆಯನ್ನು ಇಲ್ಲಿ ಹೇಳಲೇಬೇಕು. ಆಗ ಅಲ್ಲಿ ವೈದ್ಯಾಧಿಕಾರಿಯಾಗಿದ್ದ ಡಾ. ರಾಲ್ಫ್ ಕ್ರೌಲಿ ಅರೆಹೊಟ್ಟೆಯ 40 ಮಕ್ಕಳನ್ನು ಆರಿಸಿ ಬೆಳಿಗ್ಗೆ ಓಟ್ಸ್ ಗಂಜಿ, ಮಧ್ಯಾಹ್ನ ಬಿಸಿ ಊಟ ಕೊಡಿಸಿದರು. ಮೇಜಿಗೆ ಬಟ್ಟೆ ಹಾಸಿ, ಹೂವು ಇಟ್ಟು, ಕೈ ತೊಳೆಸಿ ಕೂರಿಸುತ್ತಿದ್ದರು. ವಾರವಾರ ತೂಕ ನೋಡಿದರು. ಊಟ ಸಿಕ್ಕ ವಾರಗಳಲ್ಲಿ ತೂಕ ಏರಿತು. ನಡುವೆ ಹಬ್ಬದ ರಜೆ ಬಂತು, ಊಟ ನಿಂತಿತು, ತೂಕ ಇಳಿಯಿತು. ಶಾಲೆ ಶುರುವಾದ ಮೇಲೆ ಮತ್ತೆ ಏರಿತು. ವಾದ ಮಾಡುವವರ ಬಾಯಿ ಮುಚ್ಚಿಸಲು ಒಂದು ತಕ್ಕಡಿ ಸಾಕಾಯಿತು. ಏಪ್ರಿಲ್, ಮೇ ರಜೆ ಮುಗಿಸಿ ಬರುವ ನಮ್ಮ ಮಕ್ಕಳ ಮುಖ ನೋಡಿದ ಯಾವ ಶಿಕ್ಷಕರಿಗೂ ಈ ವಿಷಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

1907ರಲ್ಲಿ ಎಲ್ಲ ಪ್ರಾಥಮಿಕ ಶಾಲೆಗಳಲ್ಲಿ ವೈದ್ಯಕೀಯ ತಪಾಸಣೆಯನ್ನು ಕಡ್ಡಾಯ ಮಾಡುವ ಕಾನೂನು ಬಂತು. ಇದಕ್ಕಾಗಿ ಮಾರ್ಗರೆಟ್ ವರ್ಷಗಟ್ಟಲೆ ಹೋರಾಡಿದ್ದರು. ಆದರೆ ಕಾನೂನು ತಪಾಸಣೆಯನ್ನು ಕಡ್ಡಾಯ ಮಾಡಿತು, ಚಿಕಿತ್ಸೆಯನ್ನು ಮಾಡಲಿಲ್ಲ. ವೈದ್ಯರು ಬಂದು ಕಣ್ಣು ಮಂದ, ಹಲ್ಲು ಹುಳುಕು, ಕಿವಿ ಸೋರುತ್ತದೆ ಎಂದು ಬರೆದುಕೊಂಡು ಹೋಗುವರು. ಕಾಗದ ಬೀರುವಿಗೆ ಸೇರುವುದು. ಮಗುವಿನ ಕಿವಿ ಸೋರುತ್ತಲೇ ಇರುವುದು. ಇದನ್ನು ಓದಿದಾಗ ನನಗೆ ನಗುವೂ ಬಂತು, ಸಂಕಟವೂ ಆಯಿತು. ನಾನು ಕೆಲಸ ಮಾಡಿದ ಕಡೆಗಳಲ್ಲಿ ಒಂದು ಬೀರುವಿನ ತುಂಬ ಮಕ್ಕಳ ಆರೋಗ್ಯದ ಕಾರ್ಡುಗಳನ್ನು ಕಂಡಿದ್ದೇನೆ. ಕನ್ನಡಕ ಬೇಕು ಎಂದು ಎರಡು ವರ್ಷ ಬರೆಸಿಕೊಂಡ ಹುಡುಗ ಮೂರನೆಯ ವರ್ಷವೂ ಬರಿಗಣ್ಣಲ್ಲೇ ಎಸ್‌ಎಸ್‌ಎಲ್‌ಸಿ ಬರೆದದ್ದನ್ನೂ ಕಂಡಿದ್ದೇನೆ.

ಮಾರ್ಗರೆಟ್ ಅಷ್ಟಕ್ಕೆ ಸುಮ್ಮನಾಗುವವರಲ್ಲ. ಜೋಸೆಫ್ ಫೆಲ್ಸ್ ಎಂಬ ಅಮೆರಿಕದ ಸಾಬೂನು ತಯಾರಕರು ಹಣ ಕೊಟ್ಟರು. 1908ರಲ್ಲಿ ಲಂಡನ್ನಿನ ಬೋ ಎಂಬ ಬಡಾವಣೆಯ ಶಾಲೆಯಲ್ಲೇ ಅಕ್ಕತಂಗಿಯರು ಮಕ್ಕಳ ಚಿಕಿತ್ಸಾಲಯ ತೆರೆದರು. 1910ರಲ್ಲಿ ಅದು ಥೇಮ್ಸ್ ನದಿಯ ದಂಡೆಯ ಡೆಟ್‌ಫರ್ಡ್‌ಗೆ ಬಂತು. ಲಂಡನ್ನಿನ ಕಡುಬಡವರ ಕೇರಿಗಳಲ್ಲಿ ಅದೂ ಒಂದು. ಅಲ್ಲಿ ಮಕ್ಕಳ ಹಲ್ಲು, ಕಣ್ಣು, ಕಿವಿ, ಚರ್ಮ ನೋಡಿ ಔಷಧ ಕೊಡುತ್ತಿದ್ದರು.

ಚಿಕಿತ್ಸಾಲಯ ನಡೆಯುತ್ತಿದ್ದಂತೆ ಇನ್ನೊಂದು ಸತ್ಯ ಎದುರಾಯಿತು. ವಾಸಿಯಾಗಿ ಹೋದ ಮಗು ಕೆಲವೇ ವಾರಗಳಲ್ಲಿ ಅದೇ ಕಜ್ಜಿ, ಅದೇ ಕಣ್ಣುಬೇನೆ ಹೊತ್ತುಕೊಂಡು ಮರಳಿ ಬರುತ್ತಿತ್ತು. ಮದ್ದಿನಲ್ಲಿ ದೋಷವಿರಲಿಲ್ಲ. ಮಗು ಮಲಗುವ ಹಾಸಿಗೆ, ಉಸಿರಾಡುವ ಗಾಳಿ, ಮನೆಯಲ್ಲಿ ಇಲ್ಲದ ನೀರು ಇವು ಕಾರಣ. ಆದ್ದರಿಂದ 1911ರಲ್ಲಿ ಒಂದು ಮನೆಯ ಹಿತ್ತಿಲಲ್ಲಿ ಹುಡುಗಿಯರಿಗಾಗಿ ರಾತ್ರಿ ಶಿಬಿರ ಆರಂಭಿಸಿದರು. ಸಂಜೆ ಬಂದ ಹುಡುಗಿಯರು ಬಿಸಿನೀರಿನಲ್ಲಿ ಮೈ ತೊಳೆದುಕೊಂಡು, ಶುಚಿಯಾದ ಬಟ್ಟೆ ಹಾಕಿಕೊಂಡು, ಬಯಲಿನ ಗಾಳಿಯಲ್ಲಿ ಮಲಗುವರು. ಬೆಳಿಗ್ಗೆ ತಿಂಡಿ ತಿಂದು ಶಾಲೆಗೆ ಹೋಗುವರು. ಅಷ್ಟಕ್ಕೇ ಅವರ ಮೈಬಣ್ಣ, ತೂಕ, ನಡಿಗೆ ಬದಲಾಯಿತು. ಹುಡುಗರಿಗೂ ಶಿಬಿರವಾಯಿತು. ಶಿಬಿರದ ಮಕ್ಕಳಿಗೆ ಮರದ ಕೆಳಗೆ ಪಾಠವೂ ಶುರುವಾಯಿತು.

ದೊಡ್ಡ ಮಕ್ಕಳನ್ನು ನೋಡಿ ಅವರಿಗೆ ಅನಿಸಿದ್ದು, ಶಾಲೆಗೆ ಸೇರುವ ಐದನೆಯ ವಯಸ್ಸಿಗೆ ಮಗು ಬರುವಷ್ಟರಲ್ಲೇ ಹಾನಿ ಆಗಿಹೋಗಿರುತ್ತದೆ ಎಂದು. ಬಿಸಿಲು ಕಾಣದ ಕೇರಿಯ ಮಕ್ಕಳಿಗೆ ಮೂಳೆ ಸೊಟ್ಟಾಗುವ ರಿಕೆಟ್ಸ್ ಸಾಮಾನ್ಯವಾಗಿತ್ತು. 1914ರಲ್ಲಿ ಡೆಟ್‌ಫರ್ಡಿನಲ್ಲಿ ಎರಡರಿಂದ ಐದು ವರ್ಷದ ಮಕ್ಕಳಿಗಾಗಿ ಬಯಲು ನರ್ಸರಿ ಶಾಲೆ ತೆರೆದರು. ಅದರ ನಡುವೆ ತೋಟ, ಸುತ್ತ ಒಂದು ಬದಿ ತೆರೆದ ಸಣ್ಣ ಸಣ್ಣ ಚಪ್ಪರಗಳು. ಪ್ರತಿ ಮಗುವಿಗೆ ತನ್ನದೇ ಟವೆಲ್ಲು, ತನ್ನದೇ ಬಾಚಣಿಗೆ, ಅವುಗಳ ಮೇಲೆ ಓದಲು ಬಾರದ ಮಗುವಿಗೂ ತಿಳಿಯುವಂಥ ಚಿತ್ರದ ಗುರುತು. ಬೆಳಿಗ್ಗೆ ಬಂದ ಮಗು ಮೊದಲು ಸ್ನಾನದ ಮನೆಗೆ. ಆಮೇಲೆ ತಿಂಡಿ, ಆಟ, ಊಟ, ನಿದ್ದೆ, ಸಂಜೆ ಮತ್ತೆ ತಿನಿಸು.

ಹಾಗಾದರೆ ಪಾಠ ಯಾವಾಗ ಎಂದು ಕೇಳಬಹುದು. ದಿನವಿಡೀ ಪಾಠವೇ. ಮೈ ತೊಳೆಯುತ್ತ ಮಗು ಅಂಗಾಂಗಗಳ ಹೆಸರು ಕಲಿಯಿತು. ಊಟದ ಮೇಜಿಗೆ ಎಷ್ಟು ತಟ್ಟೆ ಬೇಕೆಂದು ಎಣಿಸುತ್ತ ಲೆಕ್ಕ ಕಲಿಯಿತು. ತೋಟದಲ್ಲಿ ಬಣ್ಣ, ಆಕಾರ, ಪುದೀನದಂಥ ಗಿಡಗಳ ವಾಸನೆ ಕಲಿಯಿತು. ತನ್ನ ಸರದಿಗೆ ಕಾಯುತ್ತ ನಡತೆ ಕಲಿಯಿತು. ಯಾವುದು ಆರೋಗ್ಯ, ಯಾವುದು ವಿದ್ಯೆ ಎಂದು ಗೆರೆ ಎಳೆಯಲಾಗದಂತೆ ಎರಡನ್ನೂ ಅವರು ಹೆಣೆದರು.

ಅದೇ ವರ್ಷ ಮಹಾಯುದ್ಧ ಶುರುವಾಯಿತು. ಮದ್ದುಗುಂಡಿನ ಕಾರ್ಖಾನೆಗೆ ಹೋಗುವ ತಾಯಂದಿರ ಮಕ್ಕಳೂ ಬಂದು ಸೇರಿದರು. ದುಡ್ಡಿಲ್ಲ, ಸಹಾಯಕರಿಲ್ಲ, ಮೇಲಿಂದ ಬಾಂಬಿನ ಭಯ. ದುಡಿದು ದಣಿದ ರೇಚಲ್ 1917ರ ಮಾರ್ಚ್ 25ರಂದು ತೀರಿಕೊಂಡರು. ಅದು ಅವರ ಹುಟ್ಟಿದ ದಿನವೂ ಆಗಿತ್ತು, ಐವತ್ತೆಂಟು ತುಂಬಿತ್ತು. ಐವತ್ತಾರರ ತಂಗಿ ಒಂಟಿಯಾದರು. ಅಕ್ಕನ ಹೆಸರನ್ನೇ ಶಾಲೆಗೆ ಇಟ್ಟು ಕೆಲಸ ಮುಂದುವರಿಸಿದರು. 1918ರ ಶಿಕ್ಷಣ ಕಾಯ್ದೆ ನರ್ಸರಿ ಶಾಲೆಗಳಿಗೆ ಸರ್ಕಾರದ ನೆರವಿನ ದಾರಿ ತೆರೆಯಿತು. 1923ರಲ್ಲಿ ನರ್ಸರಿ ಶಾಲಾ ಸಂಘ ಸ್ಥಾಪನೆಯಾದಾಗ ಅವರೇ ಅದರ ಮೊದಲ ಅಧ್ಯಕ್ಷೆ. ಅಮೆರಿಕದಿಂದಲೂ ಶಿಕ್ಷಕಿಯರು ಡೆಟ್‌ಫರ್ಡಿಗೆ ಬಂದು ಕಲಿತು ಹೋಗಿ ತಮ್ಮ ಊರುಗಳಲ್ಲಿ ಶಾಲೆ ತೆರೆದರು.

ಕೊನೆಯ ವರ್ಷಗಳಲ್ಲಿ ಅವರು ಹಿಡಿದ ಹಟ ಶಿಕ್ಷಕರ ತರಬೇತಿಯದು. ಬಡ ಮಕ್ಕಳಿಗೆ ಅರೆತರಬೇತಿಯ ಶಿಕ್ಷಕಿ ಸಾಕೆಂಬ ಮಾತನ್ನು ಅವರು ಒಪ್ಪಲಿಲ್ಲ. ಮೂರು ವರ್ಷದ ತರಬೇತಿ ಬೇಕು, ಕಲಿಯುವವರು ಆ ಕೇರಿಯಲ್ಲೇ ವಾಸಿಸಬೇಕು, ಮಕ್ಕಳ ಮನೆಗಳಿಗೆ ಹೋಗಿ ಬರಬೇಕು ಎಂದರು. 1930ರ ಮೇ 8ರಂದು ರೇಚಲ್ ಮ್ಯಾಕ್‌ಮಿಲನ್ ತರಬೇತಿ ಕಾಲೇಜನ್ನು ರಾಣಿ ಮೇರಿ ಉದ್ಘಾಟಿಸಿದರು. ಮರುವರ್ಷ, 1931ರ ಮಾರ್ಚ್ ತಿಂಗಳಲ್ಲಿ ಮಾರ್ಗರೆಟ್ ಕಣ್ಣುಮುಚ್ಚಿದರು. ಎಪ್ಪತ್ತು ವರ್ಷದ ಬದುಕು. ಮದುವೆಯಿಲ್ಲ, ಸ್ವಂತ ಆಸ್ತಿಯಿಲ್ಲ. ಡೆಟ್‌ಫರ್ಡಿನ ಆ ಶಾಲೆ ನೂರು ವರ್ಷ ದಾಟಿದೆ.

ಇದು ಬೇರೆ ದೇಶದ ಕಥೆ, ನಮಗೇನು ಎಂದು ಕೇಳುವವರಿಗೆ ಒಂದೆರಡು ಮಾತು ಹೇಳಬೇಕು. ನಮ್ಮ ದೇಶದಲ್ಲಿ ಶಾಲಾ ಮಕ್ಕಳ ವೈದ್ಯಕೀಯ ತಪಾಸಣೆ ಮೊದಲು ನಡೆದದ್ದು 1909ರಲ್ಲಿ, ಬರೋಡ ನಗರದಲ್ಲಿ. ಅಂದರೆ ಇಂಗ್ಲೆಂಡಿನ ಕಾನೂನು ಬಂದ ಎರಡೇ ವರ್ಷಕ್ಕೆ. ಮದರಾಸು ನಗರಸಭೆ 1925ರಲ್ಲಿ ಶಾಲೆಯಲ್ಲಿ ಮಧ್ಯಾಹ್ನದ ಊಟ ಆರಂಭಿಸಿತು. ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ರಂದು ಬಂತು. ನಮ್ಮ ರಾಜ್ಯದ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾಗಿ ಆಮೇಲೆ ಎಲ್ಲೆಡೆ ಹರಡಿತು. 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯದ ಹಾಲು ಬಂತು. ಜಂತುಹುಳುವಿನ ಮಾತ್ರೆ, ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ, ಹೆಣ್ಣುಮಕ್ಕಳಿಗೆ ಶುಚಿ ಯೋಜನೆಯ ಪ್ಯಾಡು ಇವೆಲ್ಲ ಶಾಲೆಯ ಬಾಗಿಲಿಗೇ ಬಂದಿವೆ. ಮಾರ್ಗರೆಟ್ ಅವರು ಜೀವಮಾನವಿಡೀ ಬೇಡಿದ್ದರಲ್ಲಿ ಬಹುಪಾಲು ಇಂದು ಕಾಗದದ ಮೇಲೆ ನಮ್ಮ ಮಕ್ಕಳಿಗೆ ಇದೆ.

ಉಳಿದಿರುವುದು ಅದನ್ನು ಪಾಠದೊಳಗೆ ತರುವ ಕೆಲಸ. ಮಾತ್ರೆ ಕೊಟ್ಟು ರಿಜಿಸ್ಟರಿನಲ್ಲಿ ಗುರುತು ಹಾಕಿದರೆ ಅರ್ಧ ಕೆಲಸವಾಯಿತು. ಒಂಬತ್ತನೆಯ ತರಗತಿಯ ಹುಡುಗಿಗೆ ತನ್ನ ರಕ್ತದಲ್ಲಿ ಕಬ್ಬಿಣ ಏನು ಮಾಡುತ್ತದೆ, ಊಟದ ಜೊತೆಗೇ ಟೀ ಕುಡಿದರೆ ಆ ಕಬ್ಬಿಣ ಮೈಗೆ ಹತ್ತುವುದು ಯಾಕೆ ಕಡಿಮೆಯಾಗುತ್ತದೆ, ನುಗ್ಗೆಸೊಪ್ಪಿನ ಪಲ್ಯಕ್ಕೆ ನಿಂಬೆರಸ ಹಿಂಡಿದರೆ ಏನು ಲಾಭ ಎಂದು ಗೊತ್ತಾದಾಗ ಆ ಮಾತ್ರೆ ಕಿಟಕಿಯಾಚೆ ಬೀಳುವುದಿಲ್ಲ. ನಮ್ಮ ಬಯಲುಸೀಮೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಕುಡಿಯಬಾರದು. ಹಲ್ಲಿನ ಮೇಲೆ ಕಂದು ಗೆರೆ ಇರುವ ಮಕ್ಕಳಿರುವ ತರಗತಿಯಲ್ಲಿ ರಸಾಯನ ವಿಜ್ಞಾನದ ಪಾಠಕ್ಕೆ ಉದಾಹರಣೆ ಹುಡುಕಲು ದೂರ ಹೋಗಬೇಕೇ? ಗಣಿತದ ಮೇಷ್ಟ್ರು ನಕ್ಷೆ ಎಳೆಸುವಾಗ ಮಕ್ಕಳದೇ ಎತ್ತರ ತೂಕದ ಅಂಕಿಗಳನ್ನು ಹೆಸರಿಲ್ಲದೆ ಕೊಡಬಹುದು. ಸಮಾಜ ವಿಜ್ಞಾನದವರು ಊರಿನ ನೀರಿನ ತೊಟ್ಟಿ, ಚರಂಡಿ, ತಿಪ್ಪೆಗಳ ನಕ್ಷೆ ಬರೆಸಬಹುದು. ಕನ್ನಡ ಪಂಡಿತರು ಗಟ್ಟಿಯಾಗಿ ಓದಿಸುವಾಗ ಯಾರಿಗೆ ಉಸಿರು ಕಟ್ಟುತ್ತದೆ, ಯಾರು ಪುಸ್ತಕವನ್ನು ಮೂಗಿಗೆ ತಂದುಕೊಳ್ಳುತ್ತಾರೆ ಎಂದು ಗಮನಿಸಬಹುದು. ಇದಕ್ಕೆ ಹೊಸ ಪಿರಿಯಡ್ಡು ಬೇಡ, ಹೊಸ ಸುತ್ತೋಲೆಯೂ ಬೇಡ. ಈ ಶಾಲೆಯ ಕೆಲವು ಶಿಕ್ಷಕ ಶಿಕ್ಷಕಿಯರು ಯಾರೂ ಹೇಳದೆಯೇ ಇದನ್ನು ಮಾಡಿದ್ದಾರೆ. ಪಠ್ಯದ ಆ ಅಧ್ಯಾಯ ಬಂದಾಗ ಹುಡುಗರನ್ನು ಹೊರಗೆ ಕಳುಹಿಸದೆ ಎಲ್ಲರಿಗೂ ಸರಿಸಮನಾಗಿ, ಗಾಂಭೀರ್ಯದಿಂದ ಪಾಠ ಮಾಡಿದ ಒಬ್ಬ ಶಿಕ್ಷಕಿಯನ್ನು ನಾನು ಬಲ್ಲೆ. ಆ ವರ್ಷದಿಂದ ಹೆಣ್ಣುಮಕ್ಕಳು ಹೊಟ್ಟೆನೋವೆಂದು ಸುಳ್ಳು ರಜೆಚೀಟಿ ಬರೆಯುವುದು ಕಡಿಮೆಯಾಯಿತು.

ಹಳೆಯ ವಿದ್ಯಾರ್ಥಿಗಳಲ್ಲಿ, ಊರಿನ ಹಿರಿಯರಲ್ಲಿ ಕೊನೆಯದಾಗಿ ಒಂದು ವಿನಂತಿ. ಐವತ್ತು ವರ್ಷದ ನೆನಪಿಗೆ ಶಾಲೆಯ ಮುಂದೆ ದೊಡ್ಡ ಸ್ವಾಗತ ಕಮಾನು ಕಟ್ಟಿಸಬೇಕೆಂದು ಹಲವರ ಆಸೆ. ಆ ಪ್ರೀತಿ ದೊಡ್ಡದು. ಆದರೆ ಹೆಣ್ಣುಮಕ್ಕಳ ಶೌಚಾಲಯಕ್ಕೆ ಬೇಸಗೆಯಲ್ಲೂ ನೀರು ಬರುವಂತೆ ಒಂದು ಟ್ಯಾಂಕು, ಬಿಸಿಯೂಟಕ್ಕೆ ಮೊದಲು ಒಟ್ಟಿಗೆ ಇಪ್ಪತ್ತು ಮಕ್ಕಳು ಕೈ ತೊಳೆಯುವಂತೆ ಒಂದು ಸಾಲು ನಲ್ಲಿ, ಒಂದು ತಕ್ಕಡಿ, ಕಣ್ಣು ಪರೀಕ್ಷೆಯ ಒಂದು ಪಟ, ಕನ್ನಡಕ ಬೇಕೆಂದು ಬರೆಸಿಕೊಂಡ ಮಗುವಿಗೆ ಆ ತಿಂಗಳಲ್ಲೇ ಕನ್ನಡಕ ಸಿಗುವಂತೆ ಒಂದು ಸಣ್ಣ ನಿಧಿ, ಇಷ್ಟನ್ನು ಮೊದಲು ಮಾಡೋಣ. ಕಮಾನಿಗೆ ಮುಂದೆಯೂ ಅವಕಾಶವಿದೆ. ಈ ವರ್ಷ ಎಂಟನೆಯ ತರಗತಿಗೆ ಸೇರಿದ ಮಗು ಮೂರೇ ವರ್ಷ ನಮ್ಮಲ್ಲಿ ಇರುತ್ತದೆ.